ನಾವು ಮೂವರು ನೇತ್ರಾಣಿಗೆ ಹೋಗಿದ್ದೆವು

ಲೇಖನದ ಹೆಸರು ಓದಿ ಇದೊಂದು ತೀರ್ಥಯಾತ್ರೆಯ ಕಥೆ ಎಂದುಕೊಂಡಿರಾ? ನಾವೂ ಓಣಿಯಲ್ಲಿ ಹಾಗೇ ಹೇಳಿ ಹೊರಟಿದ್ದೆವು. "ಮುರುಡೇಶ್ವರಕ್ಕ ಹೊಂಟೀವಿ" ಎಂದರೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ ನೋಡಿ. ಸುಳ್ಳಂತೂ ಅಲ್ಲ, ಈಶ್ವರನಿಗೆ ಕಾಯಿ ಒಡೆಸಿಯೇ ಬಂದೆವು. ಆದರೆ ನಾವು ಹೋದದ್ದು ಅದಕ್ಕಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದಕ್ಕೆ. ಸ್ಕೂಬಾ ಡೈವಿಂಗ್ ಎನ್ನುತ್ತಾರಲ್ಲ, ಅದಕ್ಕೆ. 2024ರ ಜನವರಿಯಲ್ಲಿ. ಆಗ ನನಗೆ 63, ಉಳಿದಿಬ್ಬರಿಗೆ ಒಂದು ವರ್ಷ ಹೆಚ್ಚು ಕಡಿಮೆ. ನಗಬೇಡಿ. ನಗುವುದಾದರೆ ಪೂರ್ತಿ ಓದಿ ನಗಿ.

ನಾವು ಮೂವರೂ ಒಂದೇ ಶಾಲೆಯ ಒಂದೇ ಬೆಂಚಿನವರು. ಆಗ ನಮ್ಮೂರು ಬಿಜಾಪುರ; ವಿಜಯಪುರ ಎಂದು ಹೆಸರಾದದ್ದು 2014ರಲ್ಲಿ. ನನ್ನನ್ನು ಊರೊಳಗೇ ಕೊಟ್ಟರು. ಒಬ್ಬಳು ತಿಕೋಟಾಕ್ಕೆ ಹೋದಳು, ಇನ್ನೊಬ್ಬಳು ಬಬಲೇಶ್ವರಕ್ಕೆ. ಬಸ್ಸು ಹತ್ತಿದರೆ ತಾಸಿನೊಳಗೆ ಮುಟ್ಟುವ ಊರುಗಳು. ಆದರೂ ಮಕ್ಕಳು ಸಣ್ಣವರಿದ್ದಾಗ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಕಂಡರೆ ಕಂಡೆವು, ಇಲ್ಲದಿದ್ದರೆ ಇಲ್ಲ. ಇವರಿಬ್ಬರೂ ತಮ್ಮ ಹೆಸರು ಬರೆಯಬೇಡ ಎಂದು ಕೈ ಮುಗಿದಿದ್ದಾರೆ. ನಮ್ಮ ಕಡೆ ಹೆಣ್ಣುಮಕ್ಕಳನ್ನು ಕೊಟ್ಟ ಊರಿನಿಂದಲೇ ಕರೆಯುವ ರೂಢಿ ಇದ್ದೇ ಇದೆಯಲ್ಲ, ನಾನೂ ತಿಕೋಟಾದಾಕಿ, ಬಬಲೇಶ್ವರದಾಕಿ ಎಂದೇ ಕರೆಯುತ್ತೇನೆ.

ನಮ್ಮ ಸೀಮೆಯ ಹೆಂಗಸರಿಗೂ ನೀರಿಗೂ ಇರುವ ಸಂಬಂಧ ನಿಮಗೆ ಗೊತ್ತು. 1972ರ ಬರಗಾಲದಲ್ಲಿ ನಾವು ಹನ್ನೊಂದು ವರ್ಷದ ಹುಡುಗಿಯರು. ನೀರೆಂದರೆ ಕೊಡ, ಸಿಂಬಿ, ಸರತಿ ಸಾಲು, ಬೈಗುಳ. ಈಜುವ ನೀರು ಬೇರೆ, ಅದು ಗಂಡುಹುಡುಗರದು. 1620ರಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ ಕಟ್ಟಿದ ತಾಜ್ ಬಾವಡಿ ಇದೆಯಲ್ಲ, ಬೇಸಿಗೆ ರಜೆಯಲ್ಲಿ ನಮ್ಮ ಅಣ್ಣಂದಿರು ಬೆನ್ನಿಗೆ ಬೆಂಡು ಕಟ್ಟಿಕೊಂಡು ಅದರೊಳಗೆ ಧುಮುಕುತ್ತಿದ್ದರು. ನಾವು ಮೆಟ್ಟಿಲ ಮೇಲೆ ಕೂತು ಅವರ ಅಂಗಿ-ಚಪ್ಪಲಿ ಕಾಯುತ್ತಿದ್ದೆವು. ಕೆಳಗಿನ ಮೆಟ್ಟಿಲಿಗೆ ಇಳಿದರೆ ಅವ್ವ ಕಾಲು ಮುರಿಯುತ್ತೇನೆ ಎನ್ನುತ್ತಿದ್ದಳು. ತಿಕೋಟಾದಾಕಿಯ ಸಂಸಾರವಂತೂ ನೀರಿನ ಚಿಂತೆಯಲ್ಲೇ ಸಾಗಿತು. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಂಡು ದ್ರಾಕ್ಷಿ ಬಳ್ಳಿ ಉಳಿಸಿಕೊಂಡವರು ಅವರು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಆ ಕಡೆಯ ಹೊಲಗಳನ್ನು ಕಂಡದ್ದು ಇತ್ತೀಚಿನ ಮಾತು.

ಸಮುದ್ರಕ್ಕಿಳಿಯುವ ಹುಚ್ಚು ಹತ್ತಿದ್ದು ಅವಳಿಗೇ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜಕುಮಾರ್ ತೀರಿಕೊಂಡಾಗ ಎರಡು ದಿನ ಒಲೆ ಹೊತ್ತಿಸದವಳು ಅವಳು. ಮರುವರ್ಷ ಅವನ 'ಗಂಧದ ಗುಡಿ' ಬಂತು. ಕಾಡು, ಗುಡ್ಡ, ನದಿ, ಸಮುದ್ರ ಎಂದು ಕರ್ನಾಟಕವನ್ನೆಲ್ಲ ಸುತ್ತುವ ಆ ಚಿತ್ರದಲ್ಲಿ ಅವನು ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಹತ್ತಿರ ನೀರಿನೊಳಗೂ ಇಳಿಯುತ್ತಾನೆ. ಇವಳು ಅದೊಂದು ಭಾಗವನ್ನು ಮಗನ ಮೊಬೈಲಿನಲ್ಲಿ ಎಷ್ಟು ಸಲ ನೋಡಿದಳೋ ದೇವರಿಗೇ ಗೊತ್ತು. ಗಂಡ ಹೋಗಿ ಆಗಲೇ ಮೂರು ವರ್ಷ. ಒಂದು ದಿನ ನನಗೆ ಫೋನು. "ಏ, ಆ ನೀರಾಗ ನಾವೂ ಇಳೀಬಹುದಂತ. ಈಜು ಬರಬೇಕಂತಿಲ್ಲಂತ. ಹೋಗೂಣೇನು?"

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. "ಒಣದ್ರಾಕ್ಷಿ ರೊಕ್ಕ ಬಂದೈತಿ. ನನ್ನ ಪಾಲಿಂದು ತಗದಿಟ್ಟೀನಿ," ಎಂದಳು.

ಮನೆಯಲ್ಲಿ ಹೇಳಿದಾಗ ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ "ಯಾವ ಕಲ್ಯಾಣಿಯೊಳಗ?" ಎಂದು ಕೇಳಿದರು. ಸಮುದ್ರ ಎಂದ ಮೇಲೆ ತಲೆ ಎತ್ತಿದರು. ಬೆಂಗಳೂರಿನ ಮಗ ಫೋನಿನಲ್ಲಿ "ಅವ್ವಾ, ಈ ವಯಸ್ಸಿನಾಗ?" ಎಂದ. ಸೊಸೆ ಮಾತ್ರ ನನ್ನ ಪಕ್ಷ ಹಿಡಿದಳು. (ಸೊಸೆಯಂದಿರನ್ನು ಬೈದು ಬರೆಯುವವರು ಇದನ್ನು ದಯವಿಟ್ಟು ಗಮನಿಸಬೇಕು.) ಅವಳು ಕೊರಿಯಾ ದೇಶದ ಜೆಜು ದ್ವೀಪದ ಹೆಂಗಸರ ಚಿತ್ರ ಕಳಿಸಿದಳು. ಹೆನ್ಯೊ ಎಂದು ಅವರ ಹೆಸರು. ಸಿಲಿಂಡರ್ ಇಲ್ಲದೆ, ಉಸಿರು ಬಿಗಿಹಿಡಿದು ಸಮುದ್ರದ ತಳಕ್ಕೆ ಹೋಗಿ ಚಿಪ್ಪು, ಪಾಚಿ ಕಿತ್ತು ತಂದು ಸಂಸಾರ ಸಾಕಿದವರು. ಇಂದು ಅವರಲ್ಲಿ ಬಹುಪಾಲು ಅರವತ್ತು ದಾಟಿದವರೇ. 2016ರಲ್ಲಿ ಯುನೆಸ್ಕೊ ಅವರ ಕಸುಬನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಮನೆಯವರು ಚಿತ್ರ ನೋಡಿ, "ಅವರು ಹುಟ್ಟಿದಾಗಿಂದ ಸಮುದ್ರ ನೋಡಿದವರು. ನೀ ಬಾತ್‌ರೂಮಿನ ಬಕೆಟ್ ನೋಡಿದಾಕಿ," ಎಂದರು. ಆದರೂ ಬೇಡ ಎನ್ನಲಿಲ್ಲ. ಡಾಕ್ಟರು ಹೂಂ ಅಂದರೆ ಹೋಗು ಎಂದರು.

ಇಲ್ಲಿ ಒಂದು ಮಾತು ನಿಮಗೆ ಬಿಡಿಸಿ ಹೇಳಬೇಕು. ನೀರಿಗಿಳಿಸುವವರು ಮೊದಲು ಒಂದು ಫಾರಂ ಕೊಡುತ್ತಾರೆ. ಹೃದಯದ ತೊಂದರೆ ಇದೆಯೇ, ದಮ್ಮು ಇದೆಯೇ, ಫಿಟ್ಸ್ ಇದೆಯೇ, ಕಿವಿ ಸೋರುತ್ತದೆಯೇ, ಇತ್ತೀಚೆಗೆ ಆಪರೇಷನ್ ಆಗಿದೆಯೇ ಎಂದು ಉದ್ದನೆಯ ಪಟ್ಟಿ. 45 ದಾಟಿದವರಿಗೆ ಬಿ.ಪಿ., ಸಕ್ಕರೆ ಕಾಯಿಲೆಗಳ ಪ್ರಶ್ನೆಯೂ ಉಂಟು. ಯಾವುದಕ್ಕಾದರೂ 'ಹೌದು' ಎಂದರೆ ಡಾಕ್ಟರ ಒಪ್ಪಿಗೆಪತ್ರ ಬೇಕು. ನನಗೆ ಹತ್ತು ವರ್ಷದಿಂದ ಬಿ.ಪಿ. ಗುಳಿಗೆ. ನಮ್ಮ ಡಾಕ್ಟರು ಇ.ಸಿ.ಜಿ. ತೆಗೆಸಿ, ರಕ್ತ ನೋಡಿ, ಮೂರು ಮಹಡಿ ಮೆಟ್ಟಿಲು ಹತ್ತಿಸಿ ಇಳಿಸಿ, ಬಿ.ಪಿ. ಹತೋಟಿಯಲ್ಲಿದೆ ಎಂದು ಬರೆದುಕೊಟ್ಟರು. ನನಗೆ ಕೊಟ್ಟರೆಂದು ನಿಮಗೂ ಕೊಡುತ್ತಾರೆ ಎಂದಲ್ಲ, ನಿಮ್ಮ ಮೈ ನಿಮ್ಮ ಡಾಕ್ಟರಿಗೆ ಗೊತ್ತು. ಬಬಲೇಶ್ವರದಾಕಿ ಗಟ್ಟಿಮುಟ್ಟು. ಅವಳಿಗಿರುವ ಕೊರತೆ ಒಂದೇ, ಮೇಲಿನ ಸಾಲಿನ ಹಲ್ಲು ಕಟ್ಟಿಸಿದ್ದು. ತಿಕೋಟಾದಾಕಿಯನ್ನು ಕೇಳಿದರೆ "ನಂದೆಲ್ಲಾ ಆಗೇತಿ" ಎಂದಳು. ನಾನೂ ಹೆಚ್ಚಿಗೆ ಕೇಳಲಿಲ್ಲ.

ಜಾತ್ರೆ ಮುಗಿದ ವಾರ ಹೊರಟೆವು. ಹೆಂಗಸರಿಗೆ ಸರಕಾರಿ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ 2023ರ ಜೂನಿನಲ್ಲಿ ಬಂದಿತ್ತಲ್ಲ. ಆಧಾರ್ ಕಾರ್ಡು ತೋರಿಸಿ ಶೂನ್ಯ ಟಿಕೆಟ್ ಹರಿಸಿಕೊಂಡೆವು. ಬುತ್ತಿ ಕೇಳಬೇಡಿ! ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಶೇಂಗಾ ಹೋಳಿಗೆ, ಮೇಲೆ ತಿಕೋಟಾದ ಒಣದ್ರಾಕ್ಷಿ, ಒಂದು ಡಜನ್ ಇಂಡಿಯ ಲಿಂಬೆಹಣ್ಣು. ನಮ್ಮೂರ ಬದಿಯಿಂದ ಹೋಗುವ 52ನೇ ನಂಬರಿನ ಹೆದ್ದಾರಿ ಹುಬ್ಬಳ್ಳಿ, ಯಲ್ಲಾಪುರ ದಾಟಿ ಘಟ್ಟ ಇಳಿದು ಅಂಕೋಲೆಯಲ್ಲಿ ಸಮುದ್ರದ ಹತ್ತಿರ ಮುಗಿಯುತ್ತದೆ ಎಂಬುದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ದಿನಾ ಕಾಣುವ ರಸ್ತೆ! ಕೋಲ್ಹಾರದ ಉದ್ದ ಸೇತುವೆಯ ಮೇಲೆ ಬಸ್ಸು ಹೋಗುವಾಗ ಬೆಳಕು ಹರಿಯುತ್ತಿತ್ತು. ಎರಡೂ ಕಡೆ ಆಲಮಟ್ಟಿಯ ಹಿನ್ನೀರು. ಹಳೆಯ ಕೋಲ್ಹಾರ ಆ ನೀರಿನಲ್ಲೇ ಮುಳುಗಿದ್ದು. ತಿಕೋಟಾದಾಕಿ ಕಿಟಕಿಗೆ ಹಣೆ ಹಚ್ಚಿ, "ಇಲ್ಲಿ ನಮ್ಮ ಸೋದರತ್ತಿ ಮನಿ ಇತ್ತು. ಪಡಸಾಲ್ಯಾಗ ತೊಟ್ಟಿಲಾ ಕಟ್ಟಿದ್ರು," ಎಂದಳು. ಆಮೇಲೆ ಹುಬ್ಬಳ್ಳಿಯ ತನಕ ನಿದ್ದೆ.

ಮುರುಡೇಶ್ವರ ಮುಟ್ಟಿದಾಗ ರಾತ್ರಿ. ಮರುದಿನ ದೇವರ ದರ್ಶನ ಮಾಡಿ, 20 ಅಂತಸ್ತಿನ ರಾಜಗೋಪುರದ ಲಿಫ್ಟಿನಲ್ಲಿ ಮೇಲೆ ಹೋಗಿ 123 ಅಡಿಯ ಶಿವನನ್ನು ಎದುರಾಎದುರು ನೋಡಿ, ಸಂಜೆ ತರಬೇತಿಯವರ ಮಾತು ಕೇಳಿಸಿಕೊಂಡು, ಫಾರಂ ಹಿಡಿದುಕೊಂಡು ಲಾಡ್ಜಿಗೆ ಬಂದೆವು. ಜಗಳ ಆದದ್ದು ಅಲ್ಲಿ.

ಚಾಳೀಸು ಹಾಕಿಕೊಂಡು ಮೂವರ ಫಾರಂನೂ ನಾನೇ ಓದಿ ಹೇಳುತ್ತಿದ್ದೆ. ದಮ್ಮಿನ ಪ್ರಶ್ನೆ ಬಂದಾಗ ತಿಕೋಟಾದಾಕಿ ನನ್ನ ಕೈಯಿಂದ ಕಾಗದ ಕಸಿದುಕೊಂಡು ತಾನೇ 'ಇಲ್ಲ' ಎಂದು ಗೀಟು ಹಾಕಿದಳು. ಅವಳ ವ್ಯಾನಿಟಿ ಬ್ಯಾಗು ಮಂಚದ ಮೇಲೆ ತೆರೆದೇ ಇತ್ತು. ಒಳಗೆ ಒಣದ್ರಾಕ್ಷಿಯ ಪೊಟ್ಟಣದ ಪಕ್ಕ ನೀಲಿ ಪಂಪು. ದಮ್ಮಿನವರು ಬಾಯಿಗೆ ಹಿಡಿದು ಒತ್ತಿಕೊಳ್ಳುತ್ತಾರಲ್ಲ, ಅದು.

"ಇದೇನ ಬರದಿ?"

"ಖರೇ ಬರದ್ರ ಅವರು ಕರಕೊಂಡು ಹೋಗೂದಿಲ್ಲ."

"ಹಂಗಂದ್ರ ಯಾಕ ಹೋಗೂದಿಲ್ಲ ಅಂತ ವಿಚಾರ ಮಾಡು."

"ಅದು ದ್ರಾಕ್ಷಿಗೆ ಗಂಧಕದ ಹೊಗಿ ಹಾಕೂ ಮುಂದ ಅಷ್ಟ ಬರತೈತಿ. ಇಲ್ಲಿ ಎಲ್ಲೈತಿ ಹೊಗಿ? ನೀ ಸುಮ್ನಿರು. ನನ್ನ ಜೀವ, ನನ್ನ ರೊಕ್ಕ."

ಬಬಲೇಶ್ವರದಾಕಿ ಇಬ್ಬರನ್ನೂ ನೋಡಿ ಹಲ್ಲಿನ ಸೆಟ್ಟು ತೆಗೆದು ನೀರಿನ ಲೋಟದಲ್ಲಿ ಹಾಕಿ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳು ಜಗಳಕ್ಕೆ ಸೇರುವುದಿಲ್ಲ ಎಂಬುದಕ್ಕೆ ಅದು ಗುರುತು.

ನನಗೆ ನಿದ್ದೆ ಬರಲಿಲ್ಲ. ಸಂಜೆ ಆ ತರಬೇತಿಯ ಹುಡುಗ ಹೇಳಿದ್ದು ತಲೆಯಲ್ಲಿ ತಿರುಗುತ್ತಿತ್ತು. ನೀರಿನೊಳಗೆ 10 ಮೀಟರ್ ಹೋದರೆ ಮೈಮೇಲಿನ ಒತ್ತಡ ದಡದಲ್ಲಿದ್ದುದರ ಎರಡರಷ್ಟು. ಅಲ್ಲಿ ಎದೆತುಂಬ ತೆಗೆದುಕೊಂಡ ಉಸಿರು, ಮೇಲೆ ಬರುಬರುತ್ತ ಹಿಗ್ಗಿ ಎರಡರಷ್ಟಾಗುತ್ತದೆ. ಅದಕ್ಕೇ ಮೊದಲನೆಯ ನಿಯಮ, ಎಂದೂ ಉಸಿರು ಬಿಗಿಹಿಡಿಯಬಾರದು. ಎಳೆಯುತ್ತ ಬಿಡುತ್ತ ಇರಬೇಕು. ಆದರೆ ದಮ್ಮಿನವರ ಎದೆಯೊಳಗಿನ ಕೊಳವೆಗಳು ಯಾವಾಗ ಬಿಗಿಯುತ್ತವೋ ಹೇಳಬರುವುದಿಲ್ಲ. ನೀರೊಳಗೆ ಬಿಗಿದರೆ ಗಾಳಿ ಹೊರಬರಲು ದಾರಿ ಇಲ್ಲ. ತವೆಯ ಮೇಲೆ ರೊಟ್ಟಿ ಉಬ್ಬಿದಾಗ ಹಬೆ ಹೋಗಲು ಜಾಗ ಸಿಗದಿದ್ದರೆ ಏನಾಗುತ್ತದೆ? ಹರಿಯುತ್ತದೆ. ಶ್ವಾಸಕೋಶಕ್ಕೂ ಅದೇ ಗತಿ.

ಬೆಳಿಗ್ಗೆ ದೋಣಿ ಹತ್ತುವ ಮುನ್ನ, ಎಲ್ಲರೂ ಸಾಲಾಗಿ ನಿಂತಿದ್ದಾಗ, ನಾನು ಆ ಹುಡುಗನಿಗೆ ಹೇಳಿಬಿಟ್ಟೆ. "ಇವರಿಗೆ ದಮ್ಮಿದೆ, ಫಾರಂನಲ್ಲಿ ಬರೆದಿಲ್ಲ."

ನಮ್ಮ ಜೊತೆ ಬೆಂಗಳೂರಿನ ಕಾಲೇಜು ಹುಡುಗ-ಹುಡುಗಿಯರು ಏಳೆಂಟು ಮಂದಿ ಇದ್ದರು. ಎಲ್ಲರೂ ತಿರುಗಿ ನೋಡಿದರು. ತಿಕೋಟಾದಾಕಿ ಸೆರಗು ಹೊದ್ದುಕೊಂಡು ನೆಲ ನೋಡುತ್ತ ನಿಂತಳು, ಪಾಟಿ ತಪ್ಪು ಬರೆದು ಮಾಸ್ತರ ಮುಂದೆ ನಿಂತ ಹುಡುಗಿಯ ಹಾಗೆ. ಆ ಹುಡುಗ ಒಳ್ಳೆಯವನು. "ಅಮ್ಮಾ, ಡಾಕ್ಟರ ಚೀಟಿ ಇಲ್ಲದೆ ನಿಮ್ಮನ್ನು ಇಳಿಸೋಕೆ ನಮಗೆ ಆಗೋದಿಲ್ಲ. ದೋಣಿಯಲ್ಲಿ ಬನ್ನಿ, ದ್ವೀಪ ನೋಡಬಹುದು," ಎಂದ. ಅವಳು ಮಾತಿಲ್ಲದೆ ದೋಣಿ ಹತ್ತಿದಳು. ನನ್ನಿಂದ ದೂರ, ಆ ತುದಿಯಲ್ಲಿ ಕೂತಳು. ಯಾರ ಹುಚ್ಚಿನಿಂದ ನಾವು ಅಲ್ಲಿಗೆ ಬಂದಿದ್ದೆವೋ ಅವಳು.

ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್. ಪಾರಿವಾಳದ ದ್ವೀಪ ಎಂದೂ ಅದಕ್ಕೆ ಹೆಸರು. ದೋಣಿ ಒಂದೂವರೆ ತಾಸು ಹೋಯಿತು. ಅರ್ಧ ದಾರಿಯೊಳಗೇ ನನ್ನ ಹೊಟ್ಟೆ ತೊಳಸಿತು. ನಿಮಗೆ ಸಂಕೋಚವಿಲ್ಲದೆ ಹೇಳುತ್ತೇನೆ, ದೋಣಿಯ ಅಂಚು ಹಿಡಿದು ಎರಡು ಸಲ ವಾಂತಿ ಮಾಡಿಕೊಂಡೆ. (ಹಿಂದಿನ ರಾತ್ರಿ ಎಣ್ಣೆ-ಖಾರ ತಿನ್ನಬೇಡಿ, ಬೆಳಿಗ್ಗೆ ಎರಡು ಇಡ್ಲಿ ಸಾಕು. ನಾನು ಶೇಂಗಾ ಹೋಳಿಗೆ ತಿಂದಿದ್ದೆ.) ಮೂರನೆಯ ಸಲಕ್ಕೆ ಹಿಂದಿನಿಂದ ಯಾರೋ ನನ್ನ ಹಣೆ ಹಿಡಿದರು. ಮೂಗಿನ ಹತ್ತಿರ ಕೊಯ್ದ ಲಿಂಬೆಹಣ್ಣು ಬಂತು. ತಿರುಗಿ ನೋಡಬೇಕಾಗಿರಲಿಲ್ಲ, ಕೈಯ ಹಿಡಿತವೇ ಗೊತ್ತು. ಅವಳು ನನ್ನ ಮುಖ ಒರೆಸಿ, ಉಳಿದ ಹೋಳು ನನ್ನ ಕೈಯಲ್ಲಿಟ್ಟು, ಮಾತಾಡದೆ ಮತ್ತೆ ತನ್ನ ತುದಿಗೆ ಹೋಗಿ ಕೂತಳು.

ದ್ವೀಪದ ಪಕ್ಕ ಲಂಗರು ಹಾಕಿದ ಮೇಲೆ ಅಂಗಿ ತೊಡಿಸುವ ಕೆಲಸ. ರಬ್ಬರಿನಂಥ ದಪ್ಪ ಬಟ್ಟೆ, ಕುತ್ತಿಗೆಯಿಂದ ಕಾಲಿನವರೆಗೆ ಒಂದೇ. ಜೀವಮಾನದಲ್ಲಿ ಸೀರೆ ಬಿಟ್ಟು ಬೇರೆ ಉಡದ ನಮಗೆ ಇದೇ ದೊಡ್ಡ ಭಯವಾಗಿತ್ತು. ಸೊಸೆಯ ಹಳೆಯ ಚೂಡಿದಾರ ಒಳಗೆ ತೊಟ್ಟಿದ್ದೆವು. ಬೆಂಗಳೂರಿನ ಹುಡುಗಿಯರಿಬ್ಬರು ಹಿಂದಿನಿಂದ ಜಗ್ಗಿ ಮುಂದಿನಿಂದ ದೂಡಿ, ಲೋಡಿಗೆ ಸಣ್ಣ ಗವಸು ತೊಡಿಸಿದ ಹಾಗೆ ನಮ್ಮನ್ನು ತುರುಕಿದರು. ತೊಟ್ಟ ಮೇಲೆ ನೋಡಿದರೆ ನಾಚಿಕೆ ಪಡುವುದಕ್ಕೇನೂ ಇರಲಿಲ್ಲ, ಸೀರೆಗಿಂತ ಹೆಚ್ಚೇ ಮೈ ಮುಚ್ಚಿತ್ತು!

ಕಳಚುವುದೇ ಕಷ್ಟದ ಕೆಲಸವಾಯಿತು. ಗಾಜಿನ ಬಳೆ ಒಡೆದು ಕೈ ಕೊಯ್ದೀತು, ಸರ ಎಲ್ಲಾದರೂ ಸಿಕ್ಕಿಕೊಂಡೀತು, ಎಲ್ಲ ತೆಗೆಯಿರಿ ಎಂದರು. ಬಬಲೇಶ್ವರದಾಕಿ ಬಳೆ ತೆಗೆಯಲು ಸುತರಾಂ ಒಪ್ಪಲಿಲ್ಲ. ಕಡೆಗೆ ಬಳೆಗಳನ್ನು ಮೇಲಕ್ಕೇರಿಸಿ, ಬಟ್ಟೆ ಸುತ್ತಿ, ಅಂಗಿಯ ತೋಳಿನೊಳಗೆ ಬಿಗಿಯಾಗಿ ಸೇರಿಸಿದ ಮೇಲೆ ರಾಜಿಯಾಯಿತು. ಮಂಗಳಸೂತ್ರ ಮಾತ್ರ ತೆಗೆಯಲೇಬೇಕಾಯಿತು. ಅವಳು ಒಂದು ಕ್ಷಣವೂ ಯೋಚಿಸದೆ ಅದನ್ನು ತೆಗೆದು ತಿಕೋಟಾದಾಕಿಯ ಉಡಿಯಲ್ಲಿ ಹಾಕಿದಳು. ಅವಳು ಕೈ ಹಿಂದೆಗೆದಳು. "ನನ್ನ ಕೈಯಾಗ ಯಾಕವ್ವಾ..." ಎಂದಳು. ಗಂಡ ಹೋದ ಮೇಲೆ ಅರಿಸಿನ-ಕುಂಕುಮಕ್ಕೆ ಕರೆದರೂ ಬಾಗಿಲ ಬಳಿಯೇ ನಿಲ್ಲುತ್ತ ಬಂದವಳು. "ಮತ್ಯಾರ ಕೈಯಾಗ ಕೊಡಲಿ? ಹಿಡಿ. ಹಲ್ಲೂ ಹಿಡಿ," ಎಂದು ಇವಳು ಸೆಟ್ಟನ್ನೂ ತೆಗೆದು ಕೊಟ್ಟಳು. ನಾನೂ ನನ್ನ ತಾಳಿ, ಉಂಗುರ, ಚಾಳೀಸು ಅಲ್ಲೇ ಇಟ್ಟೆ. ತಾಜ್ ಬಾವಡಿಯ ಮೆಟ್ಟಿಲು ನೆನಪಾಯಿತು. ಹೇಳಲಿಲ್ಲ.

ಸಿಲಿಂಡರಿನಲ್ಲಿ ಇರುವುದು ಆಕ್ಸಿಜನ್ ಎಂದು ನಾನು ತಿಳಿದಿದ್ದೆ. ಅಲ್ಲವಂತೆ, ನಾವು ದಿನಾ ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು ಅಷ್ಟೇ. ನಾವು ಎಳೆದಾಗ ಎಳೆದಷ್ಟೇ ಗಾಳಿ ಕೊಡುವ ಈ ಸಲಕರಣೆಯನ್ನು 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೊ ಮತ್ತು ಎಮಿಲ್ ಗನ್ಯಾನ್ ಎಂಬಿಬ್ಬರು ಮಾಡಿದರು. ಅದರ ರಬ್ಬರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕು. ಬಬಲೇಶ್ವರದಾಕಿ ಒಸಡಿನಲ್ಲೇ ಹಿಡಿದಳು. ತುಟಿ ಗಟ್ಟಿಯಾಗಿ ಮುಚ್ಚಿಕೊಂಡರೆ ನಡೆಯುತ್ತದೆ ಎಂದು ಹುಡುಗ ನೋಡಿ ಒಪ್ಪಿಕೊಂಡ.

ಏಣಿಯಿಂದ ಇಳಿದು ಮುಖ ನೀರಿನೊಳಗೆ ಇಟ್ಟ ಕೂಡಲೇ ನನ್ನ ಎದೆ ಹಾರಿತು. ಮೂಗಿಗೆ ಗಾಜಿನ ಮಾಸ್ಕ್ ಬಿಗಿದಿದೆ, ಬಾಯಿಂದಲೇ ಉಸಿರಾಡಬೇಕು. 63 ವರ್ಷದ ರೂಢಿ ಬಿಡಲೊಲ್ಲದು. ಧಡಕ್ಕನೆ ಮೇಲೆ ಬಂದು "ನಾ ಒಲ್ಲೆ, ನಾ ಒಲ್ಲೆ" ಎಂದೆ. ದೋಣಿಯ ಅಂಚಿನಿಂದ ಒಂದು ಮುಖ ಬಾಗಿ ನೋಡುತ್ತಿತ್ತು. ಉಡಿ ಬಿಗಿಹಿಡಿದುಕೊಂಡು. ಬೆಳಗಿನಿಂದ ಮೊದಲ ಸಲ ನನ್ನ ಕೂಡ ಮಾತಾಡಿದಳು.

"ನನ್ನ ಬಿಡಿಸಿ ನೀ ಒಲ್ಲೆ ಅಂತೀಯೇನ? ಇಳಿ!"

ಇಳಿದೆ.

ಹುಡುಗ ಹಿಂದಿನಿಂದ ನನ್ನ ಸಿಲಿಂಡರ್ ಹಿಡಿದೇ ಇದ್ದ. ಲಂಗರಿನ ಹಗ್ಗ ಹಿಡಿದು ಒಂದೊಂದೇ ಮೊಳ ಕೆಳಗೆ ಹೋದೆವು. ಕಿವಿ ಒತ್ತಿದಾಗ ಮೂಗು ಹಿಡಿದು ಊದಬೇಕು, ಘಟ್ಟ ಇಳಿಯುವಾಗ ಕಿವಿ ಗುಂಯ್ ಎನ್ನುತ್ತದಲ್ಲ, ಅದೇ ತರಹ 'ಟಪ್' ಎಂದು ಬಿಡುತ್ತದೆ. ಬಿಡದಿದ್ದರೆ ಒತ್ತಾಯದಿಂದ ಇಳಿಯಬಾರದು, ಒಂದಿಷ್ಟು ಮೇಲೆ ಬಂದು ಮತ್ತೆ ಊದಬೇಕು. ಆಮೇಲೆ ಸದ್ದೆಲ್ಲ ನಿಂತಿತು. ನನ್ನ ಉಸಿರಿನ ಸದ್ದೊಂದೇ, ಕಮ್ಮಾರನ ತಿದಿಯ ಹಾಗೆ. ಮೈಗೆ ತೂಕವೇ ಇಲ್ಲ. ಎಂಟು ವರ್ಷದಿಂದ ಮೆಟ್ಟಿಲು ಹತ್ತುವಾಗ ಕಟಕಟ ಎನ್ನುವ ನನ್ನ ಮೊಣಕಾಲು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ.

ಏನು ಕಂಡೆ ಎಂದು ಕೇಳುತ್ತೀರಿ. ಹವಳ ಕಂಡೆ. ನಾವು ತಾಳಿಯಲ್ಲಿ ಪೋಣಿಸುವ ಕೆಂಪು ಹವಳವಲ್ಲ, ಅದು ಬೇರೆ ಜಾತಿಯದು. ಇದು ಬಂಡೆಯ ತುಂಬ ಕೋಸುಗಡ್ಡೆಯಂತೆ, ಮೆದುಳಿನಂತೆ ಬೆಳೆದದ್ದು. ನೋಡಲು ಕಲ್ಲು, ಆದರೆ ಜೀವವಿರುವ ಪ್ರಾಣಿ. ಮುಟ್ಟಬಾರದು, ಕಾಲು ತಾಗಿಸಬಾರದು. ಅದರ ಸುತ್ತ ಹಳದಿ-ಕಪ್ಪು ಪಟ್ಟೆಯ ಚಿಟ್ಟೆಮೀನು. ಅಂಗೈಯಷ್ಟು ಅಗಲದವು, ಜೋಡಿ ಜೋಡಿಯಾಗಿ, ಜಾತ್ರೆಗೆ ಹೊರಟ ಹೊಸ ಗಂಡ-ಹೆಂಡಿರಂತೆ. ನೀರಿನಲ್ಲಿ ಎಲ್ಲವೂ ಮೂರರಲ್ಲಿ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ, ಚಾಳೀಸು ಇಲ್ಲದ್ದು ಅಷ್ಟೇನೂ ಅಡ್ಡಿಯಾಗಲಿಲ್ಲ. ಕೆಂಪು ಬಣ್ಣ ಮಾತ್ರ ಕೆಳಗೆ ಹೋದಂತೆ ಮಾಯ. ನನ್ನ ಕೈಯ ಕೆಂಪು ದಾರ ಕಂದು ಬಣ್ಣಕ್ಕೆ ತಿರುಗಿತ್ತು. ಒಂದು ಕಡೆ ಕಟಂ ಕಟಂ ಎಂದು ಸದ್ದು ಕೇಳಿಸಿತು. ಹಸಿರು-ನೀಲಿ ಗಿಳಿಮೀನು ಹವಳದ ಬಂಡೆ ಕಚ್ಚಿ ಕಚ್ಚಿ ತಿನ್ನುತ್ತಿತ್ತು. ಥೇಟ್ ಖಡಕ್ ರೊಟ್ಟಿ ಮುರಿದ ಸದ್ದು! ಅಷ್ಟು ಆಳದಲ್ಲಿ, ಬಾಯಲ್ಲಿ ರಬ್ಬರ್ ಕಚ್ಚಿಕೊಂಡು ನಗಬಾರದು ಎಂದು ಆಗ ಗೊತ್ತಾಯಿತು. ಮಾಸ್ಕಿನೊಳಗೆ ನೀರು ಬಂತು. ಹುಡುಗ ಕಲಿಸಿದ ಹಾಗೆ ಮೂಗಿನಿಂದ ಊದಿ ಹೊರಹಾಕಿದೆ.

ಬಬಲೇಶ್ವರದಾಕಿಯ ಕಥೆ ಬೇರೆ. ನೀರೊಳಗೆ ಹೆಬ್ಬೆರಳು ಎತ್ತಿದರೆ 'ಮೇಲೆ ಹೋಗೋಣ' ಎಂದರ್ಥ. ಚೆನ್ನಾಗಿದೆ ಎನ್ನಲು ಹೆಬ್ಬೆರಳು-ತೋರುಬೆರಳು ಕೂಡಿಸಿ ಉಂಗುರ ಮಾಡಬೇಕು. ಸಂಜೆ ಹತ್ತು ಸಲ ಹೇಳಿಕೊಟ್ಟಿದ್ದರು. ಇವಳು ಮೀನಿನ ಹಿಂಡು ನೋಡಿ ಹಿಗ್ಗಿ ಹೆಬ್ಬೆರಳು ಎತ್ತಿದಳು. ಅವಳ ಜೊತೆಗಿದ್ದವನು ಮೆಲ್ಲಗೆ ಮೇಲಕ್ಕೆ ಕರೆದುಕೊಂಡು ಹೊರಟ. ಇವಳು ಗಾಬರಿಯಾಗಿ, ಚೆನ್ನಾಗಿದೆ, ಚೆನ್ನಾಗಿದೆ ಎಂದು ಎರಡೂ ಹೆಬ್ಬೆರಳು ಎತ್ತಿದಳು. ನೀರಿನಿಂದ ತಲೆ ಹೊರಗೆ ಬಂದ ಮೇಲೆ, ಹಲ್ಲಿಲ್ಲದ ಬಾಯಿಂದ ಆ ಹುಡುಗನಿಗೆ ಬಿದ್ದ ಬೈಗುಳ ದೋಣಿಯವರೆಲ್ಲ ಕೇಳಿದರಂತೆ. ಪಾಪ, ಅವನು ಮತ್ತೊಮ್ಮೆ ಇಳಿಸಿದ.

ನಾನು ಒಳಗಿದ್ದದ್ದು ಅರ್ಧ ತಾಸೂ ಇಲ್ಲವಂತೆ. ಮೇಲೆ ಬಂದಾಗ ತಿಕೋಟಾದಾಕಿ ಅದೇ ಜಾಗದಲ್ಲಿ, ಅದೇ ಭಂಗಿಯಲ್ಲಿ, ಉಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತಿದ್ದಳು. ದೋಣಿ ಅಲುಗಾಡುವಾಗ ಜಾರೀತೆಂದು ನೀರು ಕುಡಿಯಲೂ ಏಳಲಿಲ್ಲವಂತೆ. ನನ್ನ ಕೊರಳಿಗೆ ತಾಳಿ ತಾನೇ ಹಾಕಿದಳು, ಚಾಳೀಸು ಒರೆಸಿ ಕೊಟ್ಟಳು. ಆಮೇಲೆ, "ಕುಂದ್ರು. ಏನೇನ ಕಂಡಿ, ಹೇಳು. ಒಂದೂ ಬಿಡಬ್ಯಾಡ," ಎಂದಳು.

ದಡ ಮುಟ್ಟುವ ತನಕ ಹೇಳಿದೆವು. ಒಬ್ಬಳು ಬಿಟ್ಟದ್ದು ಇನ್ನೊಬ್ಬಳು. ಗಿಳಿಮೀನಿನ ಸದ್ದನ್ನು ಮೂರು ಸಲ ಕೇಳಿದಳು. ಬುತ್ತಿಯಿಂದ ರೊಟ್ಟಿ ತೆಗೆದು ಕಿವಿಯ ಹತ್ತಿರ ಮುರಿದು, "ಹಿಂಗ?" ಎಂದು ಕೇಳಿದಳು. "ಹಂಗ," ಎಂದೆ. ಅವಳ ಕಣ್ಣು ತುಂಬಿತ್ತು. ನಾನು ಸಮುದ್ರ ನೋಡಿದೆ.

ನೀರಿನಿಂದ ಬಂದ ದಿನವೇ ವಿಮಾನ ಹತ್ತಬಾರದು, ಘಟ್ಟವನ್ನೂ ಹತ್ತಬಾರದು. ಒತ್ತಡದಲ್ಲಿ ರಕ್ತದೊಳಗೆ ಕರಗಿದ ಗಾಳಿ ನಿಧಾನವಾಗಿ ಹೊರಗೆ ಹೋಗಬೇಕಂತೆ. ಹೀಗಾಗಿ ಇನ್ನೊಂದು ರಾತ್ರಿ ಅಲ್ಲೇ ಉಳಿದೆವು. ಆ ರಾತ್ರಿ ದೀಪ ಆರಿಸಿದ ಮೇಲೆ ಕತ್ತಲೆಯಲ್ಲಿ ಅವಳ ದನಿ ಬಂತು. "ನೀ ಹೇಳಿದ್ದು ಖರೇ ಐತಿ. ಆದ್ರ ಮಂದಿ ಮುಂದ ಹೇಳಿದಿ. ನನ್ನ ಹತ್ತರ ಬಂದು, ನೀನ ಹೋಗಿ ಹೇಳು ಅಂದಿದ್ರ ನಾನ ಹೇಳ್ತಿದ್ನಿ."

ಹೇಳುತ್ತಿದ್ದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅವಳಿಗೆ ಆ ಅವಕಾಶ ನಾನು ಕೊಡಲಿಲ್ಲ ಎಂಬುದು ನಿಜ. ರಾತ್ರಿಯೆಲ್ಲ ಎಚ್ಚರವಿದ್ದವಳಿಗೆ ಪಕ್ಕದ ಮಂಚದವಳನ್ನು ಎಬ್ಬಿಸಿ ಇನ್ನೊಮ್ಮೆ ಮಾತಾಡಬೇಕೆಂದು ಹೊಳೆಯಲಿಲ್ಲ. ಮತ್ತೆ ಅಂಥ ಸಂದರ್ಭ ಬಂದರೂ ನಾನು ಸುಮ್ಮನಿರುವವಳಲ್ಲ. ಅದನ್ನು ಅವಳಿಗೂ ಹೇಳಿದ್ದೇನೆ. ನಾಲ್ಕು ಜನರ ಎದುರು ಹೇಳಿದ್ದಕ್ಕೆ ಮಾತ್ರ ಕತ್ತಲೆಯಲ್ಲೇ ತಪ್ಪಾಯಿತು ಎಂದೆ. "ಹೂಂ," ಎಂದಳು. ಸಿಟ್ಟು ಇಳಿದ ಹೂಂ ಅಲ್ಲ.

ಊರಿಗೆ ಬಂದ ಮೇಲೆ ಮಗನನ್ನು ಕರೆದುಕೊಂಡು ಎದೆಯ ಡಾಕ್ಟರ ಹತ್ತಿರ ಹೋದಳು. ಕೊಳವೆಯೊಳಗೆ ಊದಿಸಿ ಪರೀಕ್ಷೆ ಮಾಡಿದರಂತೆ. ಸಮುದ್ರದ ಆಸೆ ಬಿಡಿ, ದ್ರಾಕ್ಷಿಗೆ ಗಂಧಕ ಹಾಕುವ ಕೋಣೆಯ ಹತ್ತಿರವೂ ಸುಳಿಯಬೇಡಿ ಎಂದರಂತೆ. ಆ ಕೆಲಸ ಈಗ ಮಗ ನೋಡುತ್ತಾನೆ. ಇದನ್ನು ನನಗೆ ಹೇಳಿದ್ದು ಅವಳಲ್ಲ, ಬಬಲೇಶ್ವರದಾಕಿ.

ಹೊರಡುವ ದಿನದ್ದು ಒಂದು ಉಳಿಯಿತು. ಬರುವಾಗ ಕೋಲ್ಹಾರದಲ್ಲಿ ಬಸ್ಸು ನಿಂತಿತು. ಅಲ್ಲಿಯ ಗಡಿಗೆ ಮೊಸರು ನಿಮಗೆ ಗೊತ್ತೇ ಇದೆ, ಕೊಯ್ದರೆ ಹೋಳಾಗುವಂಥದು. ಉಳಿದ ರೊಟ್ಟಿಗೆ ಅದನ್ನು ಹಚ್ಚಿಕೊಂಡು ಮೂವರೂ ತಿಂದೆವು. ಹಿನ್ನೀರಿನ ಮೇಲೆ ಸಂಜೆಯ ಬಿಸಿಲಿತ್ತು. ತಿಕೋಟಾದಾಕಿ ಬೆರಳು ನೆಕ್ಕಿಕೊಳ್ಳುತ್ತ ನೀರು ನೋಡಿ, "ಆ ಹುಡುಗಗ ಫೋನ್ ಮಾಡು. ಇಲ್ಲಿ ಇಳಸ್ತಾನೇನು ಕೇಳು," ಎಂದಳು.

"ನಿನ್ನಂತೂ ಇಳಸೂದಿಲ್ಲ," ಎಂದೆ.

"ನಾ ಎಲ್ಲಿ ಇಳೀತೀನಂದೆ? ನೀ ಇಳಿ. ನಮ್ಮ ಸೋದರತ್ತಿ ಪಡಸಾಲ್ಯಾಗ ತೊಟ್ಟಿಲದ ಕೊಂಡಿ ಇನ್ನೂ ಐತೋ ಇಲ್ಲೋ ನೋಡಿ ಬಂದು ಹೇಳು. ನಾ ನಿನ್ನ ಚಾಳೀಸು ಹಿಡಕೊಂಡು ಕುಂದರತೀನಿ."

ಕಂಡಕ್ಟರ್ ಸೀಟಿ ಊದಿದ. ಅವಳು ಮೊಸರಿನ ಗಡಿಗೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನನಗಿಂತ ಮೊದಲು ಬಸ್ಸು ಹತ್ತಿ, ಕಿಟಕಿಯ ಪಕ್ಕದ ಜಾಗ ನನಗೆ ಹಿಡಿದಿಟ್ಟಿದ್ದಳು.